ಮಾಟುಂಗಾ ಬಗ್ಗೆ ನೀವು ಹೇಳಿದ್ದು ಸರಿ

ಕುಂದಾಪುರ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ. ಕಳೆದ ಸಂಚಿಕೆಯಲ್ಲಿ ಮುಂಬೈನ ಮಾಟುಂಗಾ ಬಗ್ಗೆ ನಾವು ಮಾಡಿದ ಲೇಖನದಲ್ಲಿ ಬರೀ ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಇತ್ತು, ಅದನ್ನ ಮಾಡಿ ಬಡಿಸಿದ ಹುಡುಗರ ಬಗ್ಗೆ ಒಂದು ಸಾಲೂ ಇರಲಿಲ್ಲ ಅನ್ನೋದು ಅವರ ನೋವು. ಅವರ ತಂದೆ 1952ರಲ್ಲಿ ಹದಿಮೂರು ವರ್ಷಕ್ಕೆ ಅಲ್ಲಿನ ಹೋಟೆಲ್ ಸೇರಿ, ಹಗಲು ಕಪ್ಪು ಬಸಿ ತೊಳೆದು ರಾತ್ರಿ ದಕ್ಷಿಣ ಮುಂಬೈನ ಫೋರ್ಟ್‌ನಲ್ಲಿದ್ದ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಪಾಸಾದವರು. ಕಾಗದದ ಕೊನೆಗೆ ಇನ್ನೊಂದು ಪ್ರಶ್ನೆ: ಮಗಳಿಗೆ ಮುಂಬೈಯಲ್ಲಿ ಕೆಲಸ ಸಿಕ್ಕಿದೆ, ಮಾಟುಂಗಾದಲ್ಲಿ ರೂಮ್ ಮಾಡಿದ್ರೆ ಹೇಗೆ?

ನಮಸ್ಕಾರ. ನಿಮ್ಮ ಕಾಗದ ಓದಿ ಆಫೀಸಲ್ಲಿ ಎಲ್ರೂ ಸುಮ್ಮನೆ ಕೂತ್ವಿ. ತಪ್ಪು ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ನಾನೂ ಆ ಹುಡುಗರನ್ನ ಕಣ್ಣಾರೆ ಕಂಡವನು, ಆದ್ರೂ ಲೇಖನ ಅಚ್ಚಿಗೆ ಹೋಗುವಾಗ ಅದು ಹೊಳೀಲಿಲ್ಲ. 1988ರಲ್ಲಿ ಮಾಟುಂಗಾ ಸ್ಟೇಶನ್ ಹತ್ತಿರ ಸಂಬಂಧಿಕರ ಖೋಲಿಯಲ್ಲಿ ಎಂಟು ತಿಂಗಳು ಇದ್ದೆ, ಕೆಳಗಡೆ ಒಂದು ಹೋಟೆಲ್. ರಾತ್ರಿ ಶಟರ್ ಎಳೆದ ಮೇಲೆ ಹುಡುಗರು ನೆಲ ತೊಳೀತಿದ್ರು, ನೆಲ ಒಣಗೋ ತನಕ ಕಾಯೋಕೆ ಯಾರಿಗೂ ತ್ರಾಣ ಇರ್ತಿರಲಿಲ್ಲ, ಹಾಗಾಗಿ ಟೇಬಲ್ ಎರಡೆರಡು ಜೋಡಿಸಿ ಅದರ ಮೇಲೇ ಮಲಗ್ತಿದ್ರು. ಮೆಟ್ಟಿಲ ಕೆಳಗೆ ಸಾಲಾಗಿ ತಗಡಿನ ಟ್ರಂಕುಗಳು. ಒಂದೊಂದರ ಮೇಲೂ ಬಿಳಿ ಪೇಂಟಲ್ಲಿ ಕನ್ನಡದಲ್ಲಿ ಹೆಸರು, ಊರು. ಬೆಳಗ್ಗೆ ನಾಲ್ಕೂವರೆಗೆ ಮತ್ತೆ ಎದ್ದು ಬಟಾಟೆ ಬೇಯಿಸೋಕೆ ಇಡಬೇಕು.

ಹೋಟೆಲ್ ಇತಿಹಾಸ ಸಣ್ಣದು ಅಂತ ನಾನು ಹೇಳ್ತಿಲ್ಲ. 1940ರ ಕೆಫೆ ಮದ್ರಾಸ್, 1942ರಲ್ಲಿ ರಾಮ ನಾಯಕರು ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಇವೆಲ್ಲ ಇವತ್ತಿಗೂ ನಡೀತಾ ಇರೋದು ದೊಡ್ಡ ಸಂಗತಿಯೇ, ಊರಿಂದ ಬಂದು ಒಂಟಿಯಾಗಿ ಇರ್ತಿದ್ದ ಗಂಡಸರಿಗೆ ಬಾಳೆಎಲೆಯಲ್ಲಿ ಅನ್ನ ಸಾರು ಬಡಿಸೋ ಒಂದು ಜಾಗ ಅಂದ್ರೆ ಅದು ಮನೆಯೇ. ಆದ್ರೆ ಅವರೆಲ್ಲ ಬಂದು ನೆಲೆ ನಿಂತಿದ್ದು ಮಾಟುಂಗಾದಲ್ಲೇ ಯಾಕೆ ಅನ್ನೋದನ್ನ ನಾವು ಬರೀಬೇಕಿತ್ತು, ಅದನ್ನ ಈಗ ಇಲ್ಲಿ ಬರೀತೀನಿ.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಮೊದಲು ಕಾಣಿಸ್ಕೊಂಡಿದ್ದು, ಗಾಳಿ ಬೆಳಕು ಇಲ್ಲದ ಇಕ್ಕಟ್ಟಿನ ಚಾಳುಗಳಲ್ಲಿ ಜನ ಸತ್ರು, ಉಳಿದವರಲ್ಲಿ ಎಷ್ಟೋ ಜನ ಊರು ಬಿಟ್ಟು ಓಡಿದ್ರು. ಆಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಮಾಡಿ, ಊರಿನ ಉತ್ತರಕ್ಕೆ ದಾದರ್, ಮಾಟುಂಗಾ, ವಡಾಲಾ, ಸಯನ್ ಕಡೆ ಹೊಸ ಬಡಾವಣೆಗೆ ಕೈ ಹಾಕಿದ್ರು. ಅಗಲ ರಸ್ತೆ, ರಸ್ತೆಗೆ ಮರ, ಎರಡು ಮೂರು ಮಹಡಿಗಿಂತ ಎತ್ತರ ಏಳದ ಕಟ್ಟಡ, ಮಧ್ಯೆ ಮೈದಾನ. ಫೈವ್ ಗಾರ್ಡನ್ಸ್ ಅಂತ ಐದು ತೋಟಗಳ ಜಾಗ ಇದೆಯಲ್ಲ, ಅದೂ ಈ ಯೋಜನೆಯ ಕೂಸು. ದಾದರ್ ಪಾರ್ಸಿ ಕಾಲೊನಿ ಕಟ್ಟಿಸಿದ ಮಂಚೇರ್ಜಿ ಜೋಶಿ ಅವರ ಹೆಸರು ಇವತ್ತು ಆ ತೋಟಕ್ಕೆ ಇದೆ. ಪ್ಲೇಗಿನ ಭಯದಲ್ಲಿ ಹುಟ್ಟಿದ ಬಡಾವಣೆ ಇದು, ನಮ್ಮ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೂ ಅದೇ ರೋಗದ ಹೆದರಿಕೆಯಿಂದಲೇ ಅಲ್ವಾ.

ಅಲ್ಲಿಗೆ ಬಂದು ತುಂಬ್ಕೊಂಡವರು ಆಫೀಸು, ರೈಲ್ವೆ ಅಂತ ಕೆಲಸ ಹಿಡಿದ ದಕ್ಷಿಣದ ಜನ. ತಮಿಳರು, ಮಲಯಾಳಿಗಳು, ನಮ್ಮವರು, ಜೊತೆಗೆ ಗುಜರಾತಿಗಳು. ಬಂದವರು ಸುಮ್ಮನೆ ಕೂರಲಿಲ್ಲ, ಮಕ್ಕಳಿಗೆ ಶಾಲೆ ಬೇಕು ಅಂತ 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಕಟ್ಕೊಂಡ್ರು. ವಿಜೆಟಿಐ ಅನ್ನೋ ಇಂಜಿನಿಯರಿಂಗ್ ಕಾಲೇಜು ಆಗಲೇ 1923ರಲ್ಲಿ ಅಲ್ಲಿಗೆ ಬಂದಿತ್ತು, ರುಯಿಯಾ ಮತ್ತು ಖಾಲ್ಸಾ ಕಾಲೇಜು ಎರಡೂ 1937ರಲ್ಲಿ ಶುರುವಾದವು. ನಮ್ಮವರ ಮೈಸೂರು ಅಸೋಸಿಯೇಷನ್ 1926ರದ್ದು, ಭಾವುದಾಜಿ ರಸ್ತೆಯಲ್ಲಿ ಇದೆ, ಇವತ್ತಿಗೂ ಅಲ್ಲಿ ನಾಟಕ, ಉಪನ್ಯಾಸ ನಡೀತವೆ. ಹಳಿಯ ಆಚೆ ಪಶ್ಚಿಮಕ್ಕೆ ಕರ್ನಾಟಕ ಸಂಘ, 1933ರದ್ದು. ಸಂಗೀತ ಕಛೇರಿಗಳು ನಡೆಯೋ ಷಣ್ಮುಖಾನಂದ ಸಭಾಂಗಣ ಕಟ್ಟಿದ್ದು 1963ರಲ್ಲಿ, 1990ರಲ್ಲಿ ಬೆಂಕಿ ಬಿದ್ದು ಹೋಯ್ತು, ಎಂಟು ವರ್ಷ ಒದ್ದಾಡಿ 1998ರಲ್ಲಿ ಮತ್ತೆ ಬಾಗಿಲು ತೆಗೆದ್ರು.

ನಿಮ್ಮ ತಂದೆಯವರು ಮಾಟುಂಗಾದ ಕಿಂಗ್ಸ್ ಸರ್ಕಲ್‌ನಿಂದ ಟ್ರಾಮ್ ಹಿಡಿದು ಫೋರ್ಟ್‌ಗೆ ಹೋಗ್ತಿದ್ರು, ಕಾಸು ಇಲ್ಲದ ದಿನ ವಾಪಸ್ ನಡ್ಕೊಂಡೇ ಬರ್ತಿದ್ರು ಅಂತ ಬರೆದಿದ್ದೀರಿ. ಆ ದೂರ ಹತ್ತು ಕಿಲೋಮೀಟರಿನ ಹತ್ತಿರ ಹತ್ತಿರ ಬರುತ್ತೆ. ಇಡೀ ದಿನ ನೀರಲ್ಲಿ ಕೈ ಅದ್ದಿ ಬೆರಳ ಸಂದಿ ಕೊಳೆತಿರೋ ಹುಡುಗ ಆ ಕೈಯಲ್ಲೇ ಪೆನ್ಸಿಲ್ ಹಿಡ್ಕೊಂಡು ಲೆಕ್ಕ ಬಿಡಿಸಿ, ಮಧ್ಯರಾತ್ರಿ ನಡ್ಕೊಂಡು ಬಂದು, ಟೇಬಲ್ ಮೇಲೆ ಮಲಗಿ, ನಾಲ್ಕೂವರೆಗೆ ಏಳೋದು! ಮುಂಬೈ ಕನ್ನಡದ ಬೆನ್ನೆಲುಬು ಅಂದ್ರೆ ಈ ರಾತ್ರಿ ಶಾಲೆಗಳು ಅಂತ ನನ್ನ ನಂಬಿಕೆ, ಸಂಘ ಸಂಸ್ಥೆಗಳ ದೊಡ್ಡ ಸಭೆಗಳಿಗಿಂತ ಒಂದು ಕೈ ಮೇಲೆ. ಅಲ್ಲಿಂದ ಬ್ಯಾಂಕ್ ಗುಮಾಸ್ತರು, ವಕೀಲರು, ಮೇಷ್ಟ್ರುಗಳು ಬಂದ್ರು. ಟ್ರಾಮ್ 1964ರಲ್ಲಿ ನಿಂತೋಯ್ತು, ಆ ಓಡಾಟದ ಗುರುತು ಈಗ ಕಾಗದದಲ್ಲಿ ಮಾತ್ರ ಉಳಿದಿದೆ, ಅದೂ ನಿಮ್ಮಂಥವರ ಮನೆಯ ಕಾಗದದಲ್ಲಿ.

ಇನ್ನು ಮಗಳ ವಿಷಯ. ಮಾಟುಂಗಾದಂಥ ಅನುಕೂಲದ ಜಾಗ ಮುಂಬೈಯಲ್ಲಿ ಕಮ್ಮಿ, ಇದನ್ನ ಧೈರ್ಯವಾಗಿ ಹೇಳ್ತೀನಿ. ಸೆಂಟ್ರಲ್ ಲೈನಿಗೆ ಮಾಟುಂಗಾ, ವೆಸ್ಟರ್ನ್ ಲೈನಿಗೆ ಮಾಟುಂಗಾ ರೋಡ್, ಹಾರ್ಬರ್ ಲೈನಿಗೆ ಕಿಂಗ್ಸ್ ಸರ್ಕಲ್, ಮೂರೂ ನಡೆಯೋ ದೂರದಲ್ಲಿ, ಆಫೀಸು ಯಾವ ಮೂಲೆಯಲ್ಲಿದ್ರೂ ಆಯ್ತು. ಮಾಟುಂಗಾ ಸ್ಟೇಶನ್ನನ್ನ 2017ರಿಂದ ಪೂರ್ತಿ ಹೆಂಗಸರೇ ನಡೆಸ್ತಾ ಇದಾರೆ, ಟಿಕೆಟ್ ಕೌಂಟರಿಂದ ಹಿಡಿದು ಸ್ಟೇಶನ್ ಮ್ಯಾನೇಜರ್ ತನಕ. ಸ್ಟೇಶನ್ನಿಂದ ಹೊರಗೆ ಬಂದ್ರೆ ಮಾರ್ಕೆಟ್, ಬಾಳೆಎಲೆ, ಕರಿಬೇವು, ಕಟ್ಟಿದ ಮಲ್ಲಿಗೆ, ಹುರಿದು ಪುಡಿ ಮಾಡಿದ ಕಾಫಿ, ಎಲ್ಲ ಸಿಗುತ್ತೆ. ಸಂಜೆ ವಾಕಿಂಗಿಗೆ ಫ್ಲೈಓವರ್ ಕೆಳಗೇ ಮಾಡಿರೋ ಒಂದು ಉದ್ಯಾನ ಇದೆ, ನರ್ಮದಾ ನದಿಯ ಹರಿವಿನ ಥರ ಅಂಕುಡೊಂಕಾದ ಹಾದಿ, ಅಮ್ಮಂದಿರು ಮಕ್ಕಳು ಎಲ್ರೂ ಇರ್ತಾರೆ.

ಕಷ್ಟಾನೂ ಹೇಳಬೇಕು. ಜೋರು ಮಳೆ ಬಂತು ಅಂದ್ರೆ ಗಾಂಧಿ ಮಾರ್ಕೆಟ್, ಕಿಂಗ್ಸ್ ಸರ್ಕಲ್ ಕಡೆ ಮೊಣಕಾಲುದ್ದ ನೀರು, ಗ್ರೌಂಡ್ ಫ್ಲೋರ್ ರೂಮ್ ಮಾತ್ರ ಬೇಡವೇ ಬೇಡ. ಬಾಡಿಗೆ ಕೈ ಸುಡುತ್ತೆ. 1947ರ ಬಾಡಿಗೆ ಕಾಯ್ದೆಯಿಂದಾಗಿ ಪಗಡಿ ಮೇಲೆ, ಅಂದ್ರೆ ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಆಮೇಲೆ ಸಣ್ಣ ಬಾಡಿಗೆಗೆ, ತಲೆಮಾರಿಂದ ಜನ ಇದ್ದ ಮನೆಗಳು ಈಗ ಒಂದೊಂದೇ ರೀಡೆವಲಪ್‌ಮೆಂಟ್‌ಗೆ ಹೋಗ್ತಾ ಇವೆ, ಮೂರು ಮಹಡಿ ಇದ್ದ ಜಾಗದಲ್ಲಿ ಟವರ್ ಏಳ್ತಾ ಇದೆ, ಹಳೆ ಬಾಡಿಗೆದಾರರು ಕೆಲವರು ಡೊಂಬಿವಲಿ ಕಡೆ ಹೋಗಿಬಿಟ್ರು. ಗಾಳಿ ಬೆಳಕಿಗೆ ಅಂತಲೇ ಕಟ್ಟಿದ ಬೀದಿಗಳಲ್ಲಿ ಕೆಲವು ಕಡೆ ಮಧ್ಯಾಹ್ನಕ್ಕೇ ನೆರಳು ಬೀಳೋದು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಮಗಳು ಮೊದಲು ಯಾವುದಾದ್ರೂ ಲೇಡೀಸ್ ಹಾಸ್ಟೆಲಲ್ಲಿ ಎರಡು ಮೂರು ತಿಂಗಳು ಇದ್ದು, ತಾನೇ ಓಡಾಡಿ ನೋಡ್ಕೊಂಡು ಆಮೇಲೆ ರೂಮ್ ಹಿಡಿಯೋದು ವಾಸಿ. ಮಾಟುಂಗಾದಲ್ಲೇ ಇರೋ ನಮ್ಮ ಓದುಗರು ಇದಾರೆ, ಹೊರಡೋ ಮುಂಚೆ ಆಫೀಸಿಗೆ ಒಂದು ಫೋನ್ ಮಾಡಿಸಿ, ಮಾತಾಡಿಸ್ತೀನಿ.

ತಂದೆಯವರ ಟ್ರಂಕಿನಲ್ಲಿ ರಾತ್ರಿ ಶಾಲೆಯ ಮಾರ್ಕ್ಸ್ ಕಾರ್ಡು, ಟ್ರಾಮಿನ ಎರಡು ಟಿಕೆಟು ಇನ್ನೂ ಇವೆ ಅಂದಿರಲ್ಲ, ಅವನ್ನ ಪೋಸ್ಟಲ್ಲಿ ಕಳಿಸಬೇಡಿ, ಕಳೆದೋದ್ರೆ ಮತ್ತೆ ಸಿಗಲ್ಲ. ಮೊಬೈಲಲ್ಲೇ ಹಗಲು ಬೆಳಕಲ್ಲಿ ಫೋಟೋ ತೆಗೆದು ಕಳಿಸಿ, ಜೊತೆಗೆ ಅವರ ದಿನಚರಿ ನಿಮಗೆ ನೆನಪಿದ್ದಷ್ಟು ನಿಮ್ಮ ಮಾತಲ್ಲೇ ಬರೀರಿ, ಊರ ಕನ್ನಡದಲ್ಲೇ ಇರಲಿ, ನಾವು ತಿದ್ದೋಕೆ ಹೋಗಲ್ಲ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಅದಕ್ಕೆ ಅಂತಲೇ ಬಿಟ್ಟಿದ್ದೀವಿ.

ಸಂಪಾದಕ