ಒಂದೇ ಬಕೆಟ್ಟಿಗೆ ನಾಲ್ಕು ಔಷಧಿ ಬೇಡ
ಹಿತ್ತಲ ಕೋಳಿ: ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಳಿಯ ಬಗ್ಗೆಯೇ ಇವೆ. ಮಳೆ ಹಿಡಿದು ಗೂಡು ಒದ್ದೆಯಾದಾಗ ಹೀಗಾಗುವುದು ಸಹಜ. ಆದರೆ ಈ ಸಲ ಎಲ್ಲರೂ ಒಂದೇ ಮಾತು ಬರೆದಿದ್ದೀರಿ: "ಅದನ್ನೂ ಕೊಟ್ಟೆ, ಇದನ್ನೂ ಕೊಟ್ಟೆ." ಹಾಗಾಗಿ ಔಷಧಿ ಬೆರೆಸಿದ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮ ಹಿತ್ತಲಲ್ಲಿ ಹದಿನೆಂಟು ನಾಟಿ ಮರಿಗಳಿವೆ. ತಿಂಗಳು ತುಂಬಿದೆ. ಎರಡು ದಿನದಿಂದ ಹಿಕ್ಕೆಯಲ್ಲಿ ರಕ್ತ ಬೀಳುತ್ತಿದೆ. ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಾ ನಿಲ್ಲುತ್ತವೆ. ಅಂಗಡಿಯಲ್ಲಿ ಆಂಪ್ರೋಲಿಯಂ ಪುಡಿ, ಆಕ್ಸಿಟೆಟ್ರಾಸೈಕ್ಲಿನ್ ಪುಡಿ, ಬಿ-ಕಾಂಪ್ಲೆಕ್ಸ್ ಟಾನಿಕ್, ಕ್ಯಾಲ್ಸಿಯಂ ಟಾನಿಕ್ ಕೊಟ್ಟರು. ನಾಲ್ಕನ್ನೂ ಬೋರ್‌ವೆಲ್ ನೀರಿನ ಬಕೆಟ್ಟಿಗೆ ಹಾಕಿ ಇಡುತ್ತಿದ್ದೇನೆ. ಗುಣ ಕಾಣುತ್ತಿಲ್ಲ. ಇನ್ನೇನಾದರೂ ಸೇರಿಸಬೇಕಾ?
ಓದುಗರು, ತುರುವೇಕೆರೆ ತಾಲ್ಲೂಕು

ಉತ್ತರ: ಸೇರಿಸಬೇಡಿ ಅಮ್ಮ, ಇರುವುದರಲ್ಲೇ ಮೂರನ್ನು ತೆಗೆಯಿರಿ. ಈ ಪತ್ರ ಅಚ್ಚಾಗುವವರೆಗೆ ಕಾಯಬಾರದೆಂದು ನಿಮಗೆ ಆಗಲೇ ಫೋನಿನಲ್ಲಿ ಹೇಳಿದ್ದೇನೆ. ಉಳಿದವರಿಗೂ ಗೊತ್ತಾಗಲಿ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನೀವು ಬರೆದ ಲಕ್ಷಣ ನೋಡಿದರೆ ಇದು ಕಾಕ್ಸಿಡಿಯೋಸಿಸ್ ಇರುವ ಸಾಧ್ಯತೆಯೇ ಜಾಸ್ತಿ. ರಕ್ತಭೇದಿ ಅಂತಾರಲ್ಲ, ಅದು. ಮೂರರಿಂದ ಆರು ವಾರದ ಮರಿಗಳಿಗೇ ಇದರ ಕಾಟ ಹೆಚ್ಚು. ಕರುಳಿನ ಒಳಪದರ ಹೊಕ್ಕು ಅಲ್ಲೇ ಬೆಳೆಯುವ ಐಮೀರಿಯ ಎಂಬ ಸೂಕ್ಷ್ಮ ಪರಾವಲಂಬಿ ಇದಕ್ಕೆ ಕಾರಣ. ಇದಕ್ಕೆ ಆಂಪ್ರೋಲಿಯಂ ಸರಿಯಾದ ಔಷಧಿ. ನಿಮ್ಮ ಬಕೆಟ್ಟಿನಲ್ಲಿ ಅದು ಇತ್ತು. ಆದರೆ ಕೆಲಸ ಮಾಡಲು ಅದಕ್ಕೆ ಅವಕಾಶವೇ ಇರಲಿಲ್ಲ.

ಯಾಕೆ ಅಂದರೆ, ಆಂಪ್ರೋಲಿಯಂನ ರಚನೆ ಬಿ1 ವಿಟಮಿನ್ನಿನ ರಚನೆಗೆ ತುಂಬಾ ಹತ್ತಿರ. ಐಮೀರಿಯ ಬೆಳೆಯಲು ಬಿ1 ಬೇಕೇ ಬೇಕು. ಆಂಪ್ರೋಲಿಯಂ ಬಿ1ನ ದಾರಿಗೆ ಅಡ್ಡ ನಿಂತು, ಅದು ಪರಾವಲಂಬಿಗೆ ಸಿಗದಂತೆ ಮಾಡುತ್ತದೆ. ನೀವು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಸುರಿದಿದ್ದೀರಿ. ಅದರಲ್ಲಿ ಬಿ1 ಧಾರಾಳವಾಗಿ ಇರುತ್ತದೆ. ಮರಿಗೆ ಶಕ್ತಿ ಬರಲಿ ಅಂತ ಹಾಕಿದ್ದು ರೋಗಕ್ಕೇ ಊಟವಾಯಿತು. ಆಂಪ್ರೋಲಿಯಂ ನಡೆಯುವಷ್ಟು ದಿನ ಬಿ1 ಇರುವ ಯಾವ ಟಾನಿಕ್ಕೂ ಬೇಡ. ಮಲ್ಟಿವಿಟಮಿನ್ ಬಾಟಲಿಯಲ್ಲೂ ಅದು ಇರುತ್ತದೆ, ಲೇಬಲ್ ಓದಿ. ಔಷಧಿ ಮುಗಿದ ಮೇಲೆ ಬಿ-ಕಾಂಪ್ಲೆಕ್ಸ್ ಕೊಡಿ, ಆಗ ಅದರಿಂದ ಉಪಯೋಗವಿದೆ. ಆಂಪ್ರೋಲಿಯಂ ಅಳತೆ ಮೀರಿದರೆ, ಇಲ್ಲವೇ ಬಹಳ ದಿನ ಎಳೆದರೆ ಮರಿಗೇ ಬಿ1 ಕಡಿಮೆಯಾಗಿ ಕತ್ತು ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಅದಕ್ಕೇ ಅಳತೆ ಮುಖ್ಯ.

ಇನ್ನು ಎರಡನೆಯ ಜೋಡಿ. ಆಕ್ಸಿಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂ ಕಂಡರೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಾಗೆ ಅಂಟಿಕೊಂಡಿದ್ದು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಹಿಕ್ಕೆಯಲ್ಲೇ ಹೊರಗೆ ಹೋಗುತ್ತದೆ. ಮೆಗ್ನೀಸಿಯಂ, ಕಬ್ಬಿಣ ಇದ್ದರೂ ಇದೇ ಕಥೆ. ನಿಮಗೆ ಕ್ಯಾಲ್ಸಿಯಂ ಟಾನಿಕ್ ಹಾಕದೆಯೂ ಈ ತೊಂದರೆ ಇತ್ತು. ತುಮಕೂರು, ಕೋಲಾರದ ಕಡೆ ಎಷ್ಟೋ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ವಾ, ಅದರಲ್ಲಿರುವುದು ಬಹುಪಾಲು ಕ್ಯಾಲ್ಸಿಯಂ, ಮೆಗ್ನೀಸಿಯಂ. ಆಂಟಿಬಯೋಟಿಕ್ ಬೆರೆಸಲು ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ಹಿಡಿದಿಟ್ಟ ಮಳೆ ನೀರೂ ಆಗುತ್ತದೆ.

ಅಷ್ಟಕ್ಕೂ ಆಕ್ಸಿಟೆಟ್ರಾಸೈಕ್ಲಿನ್ ಐಮೀರಿಯಕ್ಕೆ ಔಷಧಿಯಲ್ಲ, ಅದು ಬ್ಯಾಕ್ಟೀರಿಯಕ್ಕೆ. ಗಾಯವಾದ ಕರುಳಿಗೆ ಬ್ಯಾಕ್ಟೀರಿಯ ಸೋಂಕು ತಗಲುವುದುಂಟು. ಆದರೆ ಅದನ್ನು ಹಿಕ್ಕೆ ಪರೀಕ್ಷೆ ಮಾಡಿದ ವೈದ್ಯರು ಹೇಳಬೇಕು. ಕೌಂಟರಿನ ಹಿಂದೆ ನಿಂತವರು ಹೇಳುವ ಮಾತಲ್ಲ.

ಅಳತೆಯ ವಿಷಯ. ಅಂಗಡಿಯಲ್ಲಿ ಸಿಗುವ ಆಂಪ್ರೋಲಿಯಂ ಸಾಮಾನ್ಯವಾಗಿ 20 ಪರ್ಸೆಂಟ್ ಪುಡಿ. ಒಂದು ಲೀಟರ್ ನೀರಿಗೆ 1.2 ಗ್ರಾಂ, 3ರಿಂದ 5 ದಿನ. ಆಮೇಲೆ ಅದರ ಕಾಲು ಭಾಗ, ಅಂದರೆ ಲೀಟರಿಗೆ 0.3 ಗ್ರಾಂ, 1ರಿಂದ 2 ವಾರ. ನಿಮ್ಮ ಪ್ಯಾಕೆಟ್ಟಿನ ಶಕ್ತಿ ಬೇರೆಯಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದರ ಮೇಲೆ ಬರೆದಿರುವುದನ್ನೇ ನೋಡಿ. ಅಡುಗೆಮನೆ ಚಮಚದಿಂದ 1.2 ಗ್ರಾಂ ಅಳೆಯಲು ಆಗುವುದಿಲ್ಲ. ಪಶು ಆಸ್ಪತ್ರೆಯಲ್ಲಿ ಕೇಳಿ, ದಿನಕ್ಕೊಂದರಂತೆ ಪೊಟ್ಟಣ ಕಟ್ಟಿಸಿಕೊಳ್ಳಿ.

ಎಷ್ಟೇ ಸರಿಯಾಗಿ ಬೆರೆಸಿದರೂ ಕೋಳಿ ಆ ನೀರನ್ನೇ ಕುಡಿಯಬೇಕಲ್ಲ! ಹಿತ್ತಲ ಕೋಳಿಗೆ ಬಚ್ಚಲ ಮೋರಿ ಇದೆ, ಹಸುವಿನ ತೊಟ್ಟಿ ಇದೆ, ತೆಂಗಿನ ಬುಡದಲ್ಲಿ ನಿಂತ ನೀರಿದೆ. ಔಷಧಿ ನೀರು ಕಹಿ ಇದ್ದರೆ ಕೋಳಿ ನೇರ ಮೋರಿಗೆ ಹೋಗುತ್ತದೆ. ಆದ್ದರಿಂದ ಚಿಕಿತ್ಸೆಯ ದಿನಗಳಲ್ಲಿ ಮರಿಗಳನ್ನು ಗೂಡಿನಲ್ಲೋ ಮಂಕರಿಯ ಕೆಳಗೋ ಇಡಿ. ಬೆಳಿಗ್ಗೆ ಮೊದಲು ಸಿಗುವ ನೀರು ಔಷಧಿ ನೀರೇ ಆಗಿರಲಿ. ದಿನವೂ ಹೊಸದಾಗಿ ಬೆರೆಸಿ, ಹಳೆಯದನ್ನು ಚೆಲ್ಲಿ. ತಗಡಿನ ತಟ್ಟೆ ಬೇಡ, ಪ್ಲಾಸ್ಟಿಕ್ ತಟ್ಟೆ ಸಾಕು.

ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಅದೇ ನೀರಿಗೆ ಹಾಕಬೇಡಿ. ಮನೆಮದ್ದಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಘಾಟಿಗೆ ಮರಿ ನೀರು ಕಡಿಮೆ ಕುಡಿದರೆ ಔಷಧಿಯೂ ಕಡಿಮೆ ಹೋಗುತ್ತದೆ. ಕೊಡಲೇಬೇಕು ಅನಿಸಿದರೆ ಅನ್ನದಲ್ಲಿ ಉಂಡೆ ಕಟ್ಟಿ ಬೇರೆಯಾಗಿ ಕೊಡಿ.

ನೆಲವನ್ನು ಮರೆಯಬೇಡಿ. ಹಿಕ್ಕೆಯಲ್ಲಿ ಬಿದ್ದ ಐಮೀರಿಯದ ಮೊಟ್ಟೆ ಒದ್ದೆ ನೆಲದಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡುವಷ್ಟು ಬಲಿಯುತ್ತದೆ. ಮಾಮೂಲಿ ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ದಿನವೂ ಹಿಕ್ಕೆ ಕೆರೆದು ತೆಗೆದು, ಹೊಸ ಭತ್ತದ ಹೊಟ್ಟು ಹಾಸಿ ನೆಲ ಒಣಗಿಸಿ. ಇದನ್ನು ಬಿಟ್ಟರೆ ಔಷಧಿ ನಿಂತ ಮರುವಾರ ಮತ್ತೆ ರಕ್ತ ಬೀಳುತ್ತದೆ.

ಪ್ರಶ್ನೆ: ಮೇಡಂ, ನಾನು ಸ್ವರ್ಣಧಾರ ಕೋಳಿ ಸಾಕಿದ್ದೇನೆ. ಬೇಗ ತೂಕ ಬರಲಿ ಅಂತ ಬ್ರಾಯ್ಲರ್ ಸ್ಟಾರ್ಟರ್ ಫೀಡ್ ಹಾಕುತ್ತೇನೆ. ಮೂಗು ಸೋರಿ, ರಾತ್ರಿ ಗೊರಗೊರ ಸದ್ದು ಮಾಡುತ್ತಿದ್ದವು. ಸಿಆರ್‌ಡಿ (ಬಹಳ ದಿನ ಕಾಡುವ ಉಸಿರಾಟದ ಕಾಯಿಲೆ) ಅಂದು ಟಿಯಾಮುಲಿನ್ ಎಂಬ ಆಂಟಿಬಯೋಟಿಕ್ ಕೊಡಿಸಿದರು. ಒಂದೇ ಔಷಧಿ, ಬೇರೇನೂ ಬೆರೆಸಿಲ್ಲ. ಎರಡನೇ ದಿನಕ್ಕೆ ಐದಾರು ಕೋಳಿ ಕಾಲು ಚಾಚಿ ಮಲಗಿಬಿಟ್ಟವು. ಔಷಧಿ ಕೆಟ್ಟಿತ್ತಾ?
ಓದುಗರು, ಮಾಲೂರು

ಉತ್ತರ: ಔಷಧಿ ಕೆಟ್ಟಿರಲಿಕ್ಕಿಲ್ಲ ತಮ್ಮ. ಬೇರೇನೂ ಬೆರೆಸಿಲ್ಲ ಅಂದಿರಿ. ಆದರೆ ನಿಮಗೆ ಗೊತ್ತಿಲ್ಲದೆ ಎರಡನೆಯ ಔಷಧಿ ಫೀಡಿನ ಚೀಲದಲ್ಲೇ ಬಂದಿರಬಹುದು.

ಚೀಲಕ್ಕೆ ಹೊಲಿದ ಚೀಟಿ ತೆಗೆದು ಓದಿ. ಸಲಿನೋಮೈಸಿನ್, ಮೊನೆನ್ಸಿನ್, ನರಾಸಿನ್, ಮದುರಾಮೈಸಿನ್, ಇವುಗಳಲ್ಲಿ ಯಾವುದಾದರೂ ಹೆಸರಿದೆಯಾ? ರಕ್ತಭೇದಿ ಬಾರದಿರಲಿ ಅಂತ ಬ್ರಾಯ್ಲರ್ ಫೀಡಿಗೆ ಇವನ್ನು ಮೊದಲೇ ಸೇರಿಸಿರುತ್ತಾರೆ. ಆ ಪ್ರಮಾಣದಲ್ಲಿ ಕೋಳಿಗೆ ತೊಂದರೆಯಿಲ್ಲ, ಯಕೃತ್ತು ಅದನ್ನು ಅರಗಿಸಿ ಹೊರಹಾಕುತ್ತದೆ. ಟಿಯಾಮುಲಿನ್ ಯಕೃತ್ತಿನ ಆ ಕೆಲಸವನ್ನೇ ತಡೆಯುತ್ತದೆ. ಆಗ ಸಲಿನೋಮೈಸಿನ್ ಮೈಯಲ್ಲಿ ಸೇರುತ್ತಾ ಹೋಗಿ ಸ್ನಾಯುಗಳಿಗೆ ಪೆಟ್ಟು ಕೊಡುತ್ತದೆ. ಕಾಲು ಬೀಳುವುದು ಅದರಿಂದ. ಜೋರಾದರೆ ಜೀವ ಹೋಗುತ್ತದೆ.

ಫೀಡನ್ನೂ ಟಿಯಾಮುಲಿನ್ನನ್ನೂ ಇಂದೇ ನಿಲ್ಲಿಸಿ. ಜೋಳದ ನುಚ್ಚು, ರಾಗಿ, ಅಕ್ಕಿ ನುಚ್ಚು ಹಾಕಿ. ಬಿದ್ದ ಕೋಳಿಯ ಕೊಕ್ಕಿನ ಹತ್ತಿರವೇ ನೀರಿಡಿ, ಉಳಿದವು ತುಳಿಯದ ಹಾಗೆ ಬೇರೆ ಮಾಡಿ. ಒಂದೆರಡು ದಿನದಲ್ಲಿ ಕೆಲವು ಏಳುತ್ತವೆ. ಆದರೂ ಒಂದನ್ನು ವೈದ್ಯರಿಗೆ ತೋರಿಸಲೇಬೇಕು. ಕೊಕ್ಕರೆ ರೋಗ (ರಾಣಿಖೇತ್), ಮಾರೆಕ್ಸ್ ಎಂಬ ವೈರಸ್ ರೋಗಗಳಲ್ಲೂ ಕಾಲು ಬೀಳುತ್ತದೆ. ಸತ್ತದ್ದಿದ್ದರೆ ಎಸೆಯಬೇಡಿ, ಪೋಸ್ಟ್‌ಮಾರ್ಟಮ್ ಮಾಡಿಸಿ.

ಮುಂದೆ ಟಿಯಾಮುಲಿನ್ ಕೊಡಬೇಕಾಗಿ ಬಂದರೆ, ಅದಕ್ಕೆ ಮೊದಲು 7 ದಿನ, ಕೊಡುವಾಗ, ಮುಗಿದ ಮೇಲೆ 7 ದಿನ ಇಂಥ ಫೀಡ್ ಮುಟ್ಟಿಸಬಾರದು. ಎರಿತ್ರೋಮೈಸಿನ್, ಸಲ್ಫಾ ಔಷಧಿಗಳೂ ಈ ಫೀಡಿನ ಜೊತೆ ಅಪಾಯವೇ. ಟೈಲೋಸಿನ್‌ಗೆ ಈ ತಕರಾರಿಲ್ಲ, ಸಿಆರ್‌ಡಿಗೆ ಅದೂ ನಡೆಯುತ್ತದೆ. ಹಾಗಾಗಿ ಔಷಧಿ ಬರೆಸಿಕೊಳ್ಳಲು ಹೋಗುವಾಗ ಫೀಡಿನ ಚೀಟಿ ಜೇಬಿನಲ್ಲಿರಲಿ. ಇನ್ನೊಂದು ಮಾತು: ಮನೆಯಲ್ಲೋ ಪಕ್ಕದಲ್ಲೋ ಕುದುರೆ ಇದ್ದರೆ ಈ ಚೀಲ ಅದಕ್ಕೆ ಸಿಗದ ಹಾಗೆ ಇಡಿ. ಕೋಳಿ ದಿನಾ ತಿನ್ನುವ ಮೊನೆನ್ಸಿನ್, ಸಲಿನೋಮೈಸಿನ್ ಕುದುರೆಗೆ ವಿಷ.

ಪ್ರಶ್ನೆ: ಎನ್ರೋಫ್ಲಾಕ್ಸಾಸಿನ್ ದ್ರವವನ್ನೂ ವಿಟಮಿನ್ ಟಾನಿಕ್ಕನ್ನೂ ಒಂದೇ ಲೋಟದಲ್ಲಿ ಬೆರೆಸಿದೆ. ತಕ್ಷಣ ಹಾಲು ಒಡೆದ ಹಾಗೆ ಬೆಳ್ಳಗೆ ತರಿತರಿ ಆಯಿತು. ಚೆನ್ನಾಗಿ ಕಲಕಿ ಕೊಟ್ಟರೆ ಪರವಾಗಿಲ್ವಾ?
ಓದುಗರು, ಹುಣಸೂರು

ಉತ್ತರ: ಪರವಾಗಿದೆ! ಚೆಲ್ಲಿಬಿಡಿ. ಕುಡಿಸುವ ಎನ್ರೋಫ್ಲಾಕ್ಸಾಸಿನ್ ದ್ರವ ಕ್ಷಾರ. ಕ್ಷಾರ ಇರುವುದರಿಂದಲೇ ಅದು ಅಷ್ಟು ಗಟ್ಟಿಯಾಗಿ ಕರಗಿರುತ್ತದೆ. ಟಾನಿಕ್ ಹುಳಿ. ಹುಳಿ ತಾಗಿದ ಕೂಡಲೇ ಔಷಧಿ ಬೇರ್ಪಟ್ಟು ಕೆಳಗೆ ಕೂರುತ್ತದೆ. ನೀವು ಕಂಡ ಬಿಳಿ ತರಿ ನಿಮ್ಮ ಔಷಧಿಯೇ. ಕಲಕಿ ಕೊಟ್ಟರೆ ತಳದ ನೀರು ಕುಡಿದ ಕೋಳಿಗೆ ಜಾಸ್ತಿ, ಮೇಲಿನದು ಕುಡಿದಿದ್ದಕ್ಕೆ ಏನೂ ಇಲ್ಲ. ವಿನಿಗರ್, ನಿಂಬೆರಸ ಹಾಕಿದ ನೀರಿನಲ್ಲೂ ಹೀಗೇ ಆಗಬಹುದು. ಸಲ್ಫಾ ಔಷಧಿಗಳಿಗೂ ಹುಳಿ ಆಗುವುದಿಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ಎನ್ರೋಫ್ಲಾಕ್ಸಾಸಿನ್‌ಗೂ ಮೇಲೆ ಹೇಳಿದ ಮಾತೇ ಅನ್ವಯ.

ಇದೇ ಪತ್ರದ ಕೊನೆಯಲ್ಲಿ, ಅಮಾಕ್ಸಿಸಿಲಿನ್ ಜೊತೆ ಟೆಟ್ರಾಸೈಕ್ಲಿನ್ ಕೊಟ್ಟರೆ ಡಬಲ್ ಶಕ್ತಿಯಾ ಅಂತ ಕೇಳಿದ್ದೀರಿ. ಇಲ್ಲ. ಅಮಾಕ್ಸಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯವನ್ನು. ಟೆಟ್ರಾಸೈಕ್ಲಿನ್ ಆ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಎರಡು ಸೇರಿದರೆ ಮೊದಲನೆಯದರ ಬಲ ಕುಗ್ಗುತ್ತದೆ. ಮನೆಯಲ್ಲಿ ಉಳಿದ ಹಳೆಯ ಪ್ಯಾಕೆಟ್ಟಿನ ಮೇಲೆ ಕೊಲಿಸ್ಟಿನ್ ಅಂತ ಇದ್ದರೆ ಬಳಸಲೇಬೇಡಿ. ಮನುಷ್ಯರಿಗೆ ಬೇರಾವ ಔಷಧಿಯೂ ನಾಟದಾಗ ಉಳಿಯುವ ಕೊನೆಯ ಔಷಧಿಗಳಲ್ಲಿ ಅದೊಂದು. ಅದಕ್ಕೇ 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ದನಗಳಿಗೆ ಅದನ್ನು ನಿಷೇಧಿಸಿದೆ.

ಪ್ರಶ್ನೆ: ಕೋಳಿ ಕುಂಟುತ್ತಿದೆ, ಮೈ ಬಿಸಿ. ಹಸುವಿಗೆ ತಂದ ನೋವಿನ ಇಂಜೆಕ್ಷನ್ ಉಳಿದಿದೆ. ಜೆಂಟಾಮೈಸಿನ್ ಜೊತೆ ಸ್ವಲ್ಪ ಹಾಕಬಹುದಾ?
ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ಬೇಡ. ಮೊದಲಿಗೆ, ಕೋಳಿಯ ಮೈ ಆರೋಗ್ಯದಲ್ಲೂ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಮ್ಮ ಕೈಗೆ ಅದು ಯಾವಾಗಲೂ ಜ್ವರವೇ. ಎರಡನೆಯದು, ಆ ಬಾಟಲಿ ಡೈಕ್ಲೋಫೆನಾಕ್ ಆಗಿದ್ದರೆ ಅದು ಹಕ್ಕಿಯ ಮೂತ್ರಪಿಂಡ ಕೆಡಿಸುತ್ತದೆ. ಯೂರಿಕ್ ಆಮ್ಲ ಹೊರಹೋಗದೆ ಹೃದಯ, ಯಕೃತ್ತಿನ ಮೇಲೆ ಸುಣ್ಣದ ಪುಡಿ ಉದುರಿಸಿದಂತೆ ಬೆಳ್ಳಗೆ ಕಟ್ಟುತ್ತದೆ. ರಣಹದ್ದುಗಳ ಸಂತತಿ ಕುಸಿದದ್ದು ಇದರಿಂದಲೇ. ಡೈಕ್ಲೋಫೆನಾಕ್ ಹಾಕಿಸಿಕೊಂಡ ದನ ಸತ್ತಾಗ ಅದರ ಮಾಂಸ ತಿಂದು ಅವು ಸತ್ತವು. 2006ರಲ್ಲೇ ಜಾನುವಾರುಗಳಿಗೆ ಇದನ್ನು ನಿಷೇಧಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ನಮ್ಮ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳಿಗಾದರೂ ಆ ಬಾಟಲಿ ನಿಮ್ಮ ಮನೆಯಲ್ಲಿ ಇರಬಾರದು.

ಜೆಂಟಾಮೈಸಿನ್ನಿನ ಪೆಟ್ಟೂ ಮೂತ್ರಪಿಂಡಕ್ಕೇ. ನೀರು ಕುಡಿಯದೆ ಒಣಗಿದ ಕೋಳಿಗೆ ಎರಡೂ ಸೇರಿದರೆ ಬದುಕುವುದು ಕಷ್ಟ. ಪಾದದ ಅಡಿ ನೋಡಿ. ಕಪ್ಪು ಹಕ್ಕಳೆ ಕಟ್ಟಿದ ಊತ ಇದ್ದರೆ ಅದು ಅಂಗಾಲಿನ ಬಾವು. ಅದಕ್ಕೆ ಬೇಕಾದದ್ದು ಡ್ರೆಸಿಂಗ್, ಒಣ ನೆಲ.

ಪ್ರಶ್ನೆ: ಕೊಕ್ಕರೆ ರೋಗದ ಲಸಿಕೆ, ಜಂತುಹುಳದ ಔಷಧಿ, ಹೇನಿನ ಔಷಧಿ ಮೂರನ್ನೂ ಒಂದೇ ದಿನ ಮುಗಿಸಬಹುದಾ? ಮೊಟ್ಟೆ ಯಾವಾಗಿನಿಂದ ತಿನ್ನಬಹುದು? ಮನೆಯಲ್ಲಿ ಸಣ್ಣ ಮಗು ಇದೆ.
ಓದುಗರು, ಪುತ್ತೂರು

ಉತ್ತರ: ಬಿಡಿಬಿಡಿಯಾಗಿ ಮಾಡಿ. ಮೊದಲು ಜಂತುಹುಳಕ್ಕೆ ಕೊಡಿ, ವಾರ ಬಿಟ್ಟು ಲಸಿಕೆ ಹಾಕಿಸಿ. ಹುಳ ತುಂಬಿದ ಕೋಳಿಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಕಾಯಿಲೆ ಬಿದ್ದ ಕೋಳಿಗಂತೂ ಲಸಿಕೆ ಬೇಡ. ನೀರಿನಲ್ಲಿ ಕೊಡುವ ಲಸಿಕೆಯಾದರೆ ಅದು ಜೀವಂತ ವೈರಸ್. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಿನಲ್ಲಿ ಸತ್ತೇಹೋಗುತ್ತದೆ. ಹೇನಿಗೆ ಮೆಲಥಿಯಾನ್ ಬಳಸುವವರು ಅದರ ಆಸುಪಾಸಿನ ದಿನಗಳಲ್ಲಿ ಲೆವಮಿಸೋಲ್ ಜಂತುಹುಳದ ಔಷಧಿ ಕೊಡಬಾರದು. ಎರಡೂ ನರಗಳ ಮೇಲೇ ಕೆಲಸ ಮಾಡುತ್ತವೆ, ಒಂದರ ವಿಷ ಇನ್ನೊಂದರಿಂದ ಹೆಚ್ಚುತ್ತದೆ.

ಮೊಟ್ಟೆಗೆ ಔಷಧಿಯ ಲೇಬಲ್ಲಿನಲ್ಲಿ ಇಷ್ಟು ದಿನ ಅಂತ ಬರೆದಿರುತ್ತದೆ. ಆ ಲೆಕ್ಕ ಶುರುವಾಗುವುದು ಔಷಧಿ ಕೊನೆಯ ಸಲ ಕೊಟ್ಟ ದಿನದಿಂದ. ಎರಡು ಔಷಧಿ ಕೊಟ್ಟಿದ್ದರೆ ಎರಡರ ಅವಧಿಯೂ ಮುಗಿಯಬೇಕು. ಮೊಟ್ಟೆಯಿಡುವ ಕೋಳಿಗೆ ಬೇಡ ಅಂತ ಬರೆದಿದ್ದರೆ ಅದನ್ನು ಹೇಂಟೆಗೆ ಕೊಡಲೇಬೇಡಿ. ಒಂದು ಹೇಂಟೆಗೆ ಕಾಯಿಲೆಯಾಗಿ ಎಲ್ಲವಕ್ಕೂ ಒಂದೇ ತಟ್ಟೆಯಲ್ಲಿ ಔಷಧಿ ನೀರು ಇಟ್ಟಿದ್ದರೆ ಎಲ್ಲದರ ಮೊಟ್ಟೆಯನ್ನೂ ಹೂಳಬೇಕಾಗುತ್ತದೆ. ಕುದಿಸಿದರೆ ಔಷಧಿ ಹೋಗುತ್ತದೆ ಅಂತ ನಂಬಿ ಮಗುವಿಗೆ ಕೊಡಬೇಡಿ. ಟೆಟ್ರಾಸೈಕ್ಲಿನ್ ಕೊಡುವ ದಿನಗಳಲ್ಲಿ ಹೇಂಟೆಗೆ ಚಿಪ್ಪಿನ ಪುಡಿ ಪೂರ್ತಿ ನಿಲ್ಲಿಸುವುದೂ ಬೇಡ. ಬೆಳಿಗ್ಗೆಯಿಂದ ಔಷಧಿ ನೀರು, ಸಂಜೆ ಅದನ್ನು ತೆಗೆದ ಮೇಲೆ ಚಿಪ್ಪಿನ ಪುಡಿ ಇಡಿ. ಮೊಟ್ಟೆಯ ಚಿಪ್ಪು ಬಹುಪಾಲು ರಾತ್ರಿಯೇ ಕಟ್ಟುವುದು.

ಕೊನೆಗೆ ಎಲ್ಲರಿಗೂ: ಒಂದೇ ಸಲಕ್ಕೆ ಹಲವು ಕೋಳಿ ಸತ್ತರೆ ಯಾವ ಔಷಧಿಯನ್ನೂ ಹುಡುಕಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ಹಂಚಬೇಡಿ. 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆಗಲೇ ಏನಾದರೂ ಕೊಟ್ಟಿದ್ದರೆ ಖಾಲಿ ಪ್ಯಾಕೆಟ್, ಬಾಟಲಿ ಎಲ್ಲವನ್ನೂ ತೋರಿಸಿ. ವೈದ್ಯರು ಬೈಯುತ್ತಾರೆ ಅಂತ ಒಂದನ್ನೂ ಬಚ್ಚಿಡಬೇಡಿ.