ನಿಮ್ಮ ಪ್ರಶ್ನೆ: ಕುರ್ಚೀನ ಒಂದ್ಸಲ ಮಗುಚಿ ನೋಡಿದ್ರಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಕಡಿಮೆ ಬಜೆಟ್ಟಿನ ಗೇಮಿಂಗ್ ಚೇರ್ ಬಗ್ಗೇನೇ ಇದಾವೆ, ಅದಕ್ಕೇ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವನ್ನೇ ಹಿಡ್ಕೊಂಡಿದೀನಿ. ನಾನೂ ಅಂಥದ್ದೇ ಒಂದು ಚೇರ್ ಮೇಲೆ ನಾಲ್ಕು ವರ್ಷ ಕೂತವನು, ಅದಕ್ಕೆ ಬರಬಹುದಾದ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಕಣ್ಣಾರೆ ಕಂಡವನು.

ಪ್ರಶ್ನೆ: ತಂದ ಹೊಸದರಲ್ಲಿ ಹತ್ತಿ ಮೂಟೆ ಮೇಲೆ ಕೂತಂಗಿತ್ತು. ಎಂಟು ತಿಂಗಳಾಯ್ತು, ಈಗ ಒಂದು ಗಂಟೆ ಕೂತ್ರೆ ಹಲಗೆ ಮೇಲೆ ಕೂತಂಗಾಗುತ್ತೆ. ನನ್ನ ತೂಕ 82 ಕೆಜಿ, ಬಾಕ್ಸ್ ಮೇಲೆ 150 ಕೆಜಿ ತಡೆಯುತ್ತೆ ಅಂತ ಬರ್ದಿದಾರೆ. ಮೋಸ ಹೋದ್ನಾ?

ಉತ್ತರ: ಪೂರ್ತಿ ಮೋಸ ಅಂತ ಹೇಳಕ್ಕಾಗಲ್ಲ, ಆ 150 ಅನ್ನೋದು ಚೇರ್ ಮುರಿಯದೆ ಎಷ್ಟು ಭಾರ ಹೊರುತ್ತೆ ಅನ್ನೋ ಲೆಕ್ಕ, ನಿಮ್ಮ ಸೊಂಟಕ್ಕೆ ಹಿತವಾಗಿರುತ್ತೆ ಅನ್ನೋ ಭರವಸೆ ಅಲ್ಲ. ಕೂರೋ ಸುಖ ಇರೋದು ಫೋಮ್‌ನಲ್ಲಿ. ಅದರಲ್ಲಿ ಎರಡು ಥರ, ದೊಡ್ಡ ಗಟ್ಟಿಯಿಂದ ಬ್ರೆಡ್ಡಿನ ಹಾಗೆ ಕುಯ್ದು ಅಂಟಿಸಿದ ಫೋಮ್ ಒಂದು, ಅಚ್ಚಿಗೆ ಸುರಿದು ಒಂದೇ ಪೀಸಾಗಿ ತೆಗೆದ ಮೋಲ್ಡೆಡ್ ಫೋಮ್ ಇನ್ನೊಂದು. ಅಗ್ಗದ ಚೇರ್‌ಗಳಲ್ಲಿ ಸಾಮಾನ್ಯವಾಗಿ ಮೊದಲನೇದು, ಅದರಲ್ಲೂ ಕಮ್ಮಿ ಡೆನ್ಸಿಟಿದು. ಡೆನ್ಸಿಟಿ ಅಂದ್ರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತೆ ಅನ್ನೋದು, 50ರ ಆಸುಪಾಸು ಇದ್ರೆ ವರ್ಷಗಟ್ಲೆ ಆಕಾರ ಬಿಡಲ್ಲ, 25-30ರದ್ದು ಆದ್ರೆ ಬೇಗ ಕುಸಿದು ಕೂರುತ್ತೆ.

ಇಲ್ಲೇ ಎಲ್ಲರೂ ಎಡವೋದು. ಅಂಗಡೀಲಿ ಐದು ನಿಮಿಷ ಕೂತಾಗ ಮೆತ್ತಗಿರೋದೇ ಚೆನ್ನಾಗಿದೆ ಅನ್ಸುತ್ತೆ, ಸ್ವಲ್ಪ ಗಟ್ಟಿ ಇರೋದು ಬೇಡ ಅನ್ಸುತ್ತೆ, ಆದ್ರೆ ನಮ್ಮ ಭಾರದಲ್ಲಿ ಹೆಚ್ಚಿನದು ಹೋಗಿ ಬೀಳೋದು ಕುಂಡಿ ಕೆಳಗಿನ ಎರಡೇ ಮೂಳೆ ಮೇಲೆ, ಮೆತ್ತನೆ ಫೋಮನ್ನ ಅವು ಅರ್ಧ ಗಂಟೇಲಿ ಒತ್ತಿ ತಳ ಮುಟ್ಟಿಬಿಡ್ತವೆ. ನಿಮ್ಮ ಮುಷ್ಟಿ ಕಟ್ಟಿ ಸೀಟಿನ ನಡುವೆ ಮೈಭಾರ ಬಿಟ್ಟು ಒತ್ತಿ ನೋಡಿ, ಕೆಳಗೆ ಗಟ್ಟಿಯಾಗಿ ಏನಾದ್ರೂ ಕೈಗೆ ತಾಗಿದ್ರೆ ಫೋಮ್ ಕಥೆ ಮುಗೀತು ಅಂತ ಲೆಕ್ಕ.

ಆಮೇಲೆ ಚೇರ್ ಮಗುಚಿ. ಕೆಳಗಡೆ ಪಿನ್ ಹೊಡೆದಿರೋ ತೆಳು ಕಪ್ಪು ಬಟ್ಟೆ ಇರುತ್ತೆ, ಅದರ ಹಿಂದೆ ಒಂದೋ ಪ್ಲೈವುಡ್ ಹಲಗೆ, ಇಲ್ಲಾಂದ್ರೆ ಸ್ಟೀಲ್ ಫ್ರೇಮಿಗೆ ಬಿಗಿದ ಎಲಾಸ್ಟಿಕ್ ಪಟ್ಟಿಗಳು. ನನ್ನದರಲ್ಲಿ ಪಟ್ಟಿ ಇದ್ವು, ಆರರಲ್ಲಿ ಎರಡು ಹಳೇ ಚಡ್ಡಿ ಲಾಡಿ ಥರ ಜೋತುಬಿದ್ದಿದ್ವು, ಒಂದರ ಕೊಕ್ಕೆನೇ ಕಳಚಿತ್ತು. ಕೊಕ್ಕೆ ಸಿಕ್ಕಿಸಿ, ಸೀಟ್ ಬಿಚ್ಚಿ, ಕುಸಿದಿದ್ದ ಫೋಮ್ ಕೆಳಗೆ ಒಂದೂವರೆ ಇಂಚಿನ ಗಟ್ಟಿ ಫೋಮ್ ಹಾಳೆ ತುರುಕಿದ್ಮೇಲೆ ಇನ್ನೂ ಒಂದೂವರೆ ವರ್ಷ ಬಂತು. ಅಷ್ಟು ರಿಪೇರಿ ಬೇಡ ಅಂದ್ರೆ ಮೇಲೊಂದು ದಪ್ಪ ಕುಶನ್ ಹಾಕ್ಕೊಳ್ಳಿ, ಆದ್ರೆ ಕೂರೋ ಎತ್ತರ ಏರುತ್ತೆ, ಚೇರನ್ನ ಅಷ್ಟೇ ಕೆಳಗಿಳಿಸೋದು, ಕೈಯಾಸರೆ ಎತ್ತರ ಸರಿಮಾಡ್ಕೊಳ್ಳೋದು ಮರೀಬೇಡಿ.

ಪ್ರಶ್ನೆ: ಸೀಟಿನ ಎರಡೂ ಪಕ್ಕ ಎದ್ದಿರೋ ರೆಕ್ಕೆ ತೊಡೆಗೆ ಒತ್ತುತ್ತೆ. ನನಗೆ ಚಕ್ಕಳಮಕ್ಕಳ ಹಾಕಿ ಕೂರೋ ಅಭ್ಯಾಸ ಬೇರೆ. ಈ ರೆಕ್ಕೆ ಯಾಕಿರೋದು ಅಸಲಿಗೆ?

ಉತ್ತರ: ಕಾರ್ ತಿರುವಿನಲ್ಲಿ ಜೋರಾಗಿ ತಿರುಗಿದಾಗ ಡ್ರೈವರ್ ಪಕ್ಕಕ್ಕೆ ಜಾರಬಾರದು ಅಂತ. ನಿಮ್ಮ ಟೇಬಲ್ ಯಾವ ತಿರುವಲ್ಲೂ ತಿರುಗಲ್ಲ ಅನ್ನೋದು ಬೇರೆ ಮಾತು! ಈ ಡಿಸೈನ್ ಬಂದಿದ್ದೇ ರೇಸ್ ಕಾರಿನ ಬಕೆಟ್ ಸೀಟಿನಿಂದ. ಕಾರಿನ ಸೀಟ್ ಮಾಡ್ತಿದ್ದ ಡಿಎಕ್ಸ್‌ರೇಸರ್ ಕಂಪನಿ 2006ರಲ್ಲಿ ಅದೇ ಆಕಾರಕ್ಕೆ ಚಕ್ರ ಹಾಕಿ ಗೇಮಿಂಗ್ ಚೇರ್ ಅಂತ ತಂತು, ಆಮೇಲೆ ಎಲ್ಲರೂ ಅದನ್ನೇ ನಕಲು ಹೊಡೆದ್ರು, ನೋಟ ಹಾಗೇ ಉಳೀತು.

ನಿಮಗೆ ಒತ್ತುತ್ತಿರೋದು ಬರೀ ಫೋಮ್ ಅಲ್ಲ, ರೆಕ್ಕೆ ಒಳಗೆ ಸ್ಟೀಲ್ ಪೈಪ್ ಇರುತ್ತೆ, ಅದರ ಮೇಲೆ ಬಜೆಟ್ ಚೇರ್‌ನಲ್ಲಿ ಎರಡು ಬೆರಳು ದಪ್ಪ ಫೋಮ್ ಇದ್ರೆ ಹೆಚ್ಚು. ರೆಕ್ಕೆ ಮೇಲೆ ಕೂತು ಕೂತು ಅದು ಸವೆದ್ರೆ ಪೈಪೇ ತಾಗುತ್ತೆ. ಇದಕ್ಕೆ ಮದ್ದಿಲ್ಲ, ಮುಂದಿನ ಸಲ ರೆಕ್ಕೆ ಇಲ್ಲದ ಚಪ್ಪಟೆ ಸೀಟ್ ತಗೊಳ್ಳಿ. ಒಂದು ಎಚ್ಚರಿಕೆ, ಅಳತೆ ಪಟ್ಟೀಲಿ ಸೀಟ್ ಅಗಲ ಅಂತ ಕೊಡೋದು ಎಷ್ಟೋ ಸಲ ರೆಕ್ಕೇನೂ ಸೇರಿಸಿದ ಹೊರಗಿನ ಅಗಲ. ನಿಮಗೆ ಬೇಕಾಗಿರೋದು ಎರಡು ರೆಕ್ಕೆ ನಡುವಿನ ಚಪ್ಪಟೆ ಜಾಗ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಪೂರ್ತಿ ಹಿಂದಕ್ಕೆ ಕೂತ್ರೆ ಕಾಲು ನೆಲಕ್ಕೆ ಎಟುಕಲ್ಲ, ಕುತ್ತಿಗೆ ದಿಂಬು ಹೋಗಿ ಜುಟ್ಟಿಗೆ ಬರುತ್ತೆ.

ಉತ್ತರ: ಚೇರ್ ನಿಮಗಿಂತ ದೊಡ್ಡದು, ಅಷ್ಟೇ. ಕುತ್ತಿಗೆ ದಿಂಬು ಕಿತ್ತು ಹಾಕಿ, ಅದು ನಿಮ್ಮ ತಲೇನ ಮುಂದಕ್ಕೆ ತಳ್ಳೋ ಕೆಲಸ ಮಾತ್ರ ಮಾಡ್ತಿದೆ. ಸೊಂಟದ ದಿಂಬನ್ನ ಬೆಲ್ಟ್ ಕಟ್ಟೋ ಜಾಗಕ್ಕೆ ಇಳಿಸಿ, ಪಟ್ಟಿ ಸಡಿಲ ಆಗಿ ಅದು ಮೇಲೇರ್ತಾ ಇರುತ್ತೆ, ಆಗಾಗ ಎಳೀಬೇಕು. ಕಾಲ ಕೆಳಗೆ ಗಟ್ಟಿ ಪೆಟ್ಟಿಗೆ ಇಡಿ. ಮಂಡಿ ಹಿಂಭಾಗಕ್ಕೂ ಸೀಟಿನ ತುದಿಗೂ ಮಧ್ಯೆ ಎರಡು ಮೂರು ಬೆರಳು ತೂರಬೇಕು, ತೂರದಿದ್ರೆ ಸೀಟಿನ ಉದ್ದ ನಿಮಗೆ ಜಾಸ್ತಿ ಅಂತ, ಆಗ ಬೆನ್ನ ಹಿಂದಿನ ದಿಂಬು ದಪ್ಪ ಮಾಡ್ಕೊಂಡು ಮುಂದಕ್ಕೆ ಬರಬೇಕು.

ಪ್ರಶ್ನೆ: ಒರಗಿದಾಗೆಲ್ಲ ಕಿರ್ರ್ ಅನ್ನುತ್ತೆ. ರಾತ್ರಿ ಮನೇಲಿ ಎಲ್ಲರಿಗೂ ಎಚ್ಚರ ಆಗುತ್ತೆ, ನನಗೆ ಬೈಗುಳ.

ಉತ್ತರ: ಮೊದಲು ಅಲೆನ್ ಕೀ ಹುಡುಕಿ, ಬಾಕ್ಸ್ ಜೊತೆ ಕೊಟ್ಟಿರ್ತಾರಲ್ಲ ಎಲ್ ಆಕಾರದ್ದು. ಬೆನ್ನೊರಗನ್ನ ಸೀಟಿಗೆ ಸೇರಿಸೋ ಪಕ್ಕದ ಕಬ್ಬಿಣದ ಪಟ್ಟಿಗಳ ಬೋಲ್ಟ್ ಹತ್ರನೇ ಹೆಚ್ಚಿನ ಸದ್ದೆಲ್ಲ ಹುಟ್ಟೋದು, ಪ್ಲಾಸ್ಟಿಕ್ ಮುಚ್ಚಳ ತೆಗೆದ್ರೆ ಕಾಣುತ್ತೆ. ಜೋಡಿಸಿದ ಒಂದು ವಾರಕ್ಕೆ ಎಲ್ಲಾ ಬೋಲ್ಟೂ ಇನ್ನೊಂದು ಸುತ್ತು ಬಿಗೀಬೇಕು, ಫೋಮೂ ಬಟ್ಟೇನೂ ಒತ್ತಿಕೊಂಡು ಸಡಿಲ ಆಗಿರುತ್ತೆ, ಇದನ್ನ ಯಾರೂ ಮಾಡಲ್ಲ. ಜೋಡಿಸುವಾಗ್ಲೂ ಒಂದೊಂದೇ ಬೋಲ್ಟ್ ಪೂರ್ತಿ ಬಿಗಿದ್ರೆ ಕೊನೇದರ ತೂತು ಕೂರಲ್ಲ, ಆಮೇಲೆ ಬಲವಂತ ಮಾಡಿ ಥ್ರೆಡ್ ಹಾಳು ಮಾಡ್ಕೊಂಡು ಚೇರ್ ಕ್ವಾಲಿಟಿ ಸರಿ ಇಲ್ಲ ಅಂತ ಬೈಯ್ತೀವಿ. ನಾಲ್ಕನ್ನೂ ಕೈಯಲ್ಲೇ ಅರ್ಧ ತಿರುಗಿಸಿ, ಆಮೇಲೆ ಎದುರುಬದುರಾಗಿ ಬಿಗೀತಾ ಹೋಗಿ. ಬಿಗಿದ್ಮೇಲೂ ಸೀಟಿನ ಕೆಳಗಿಂದ ಸದ್ದು ಬಂದ್ರೆ ಕಬ್ಬಿಣ ಕಬ್ಬಿಣ ಉಜ್ಜೋ ಜಾಗಕ್ಕೆ ಗ್ರೀಸ್ ಹಚ್ಚಿ, ತೆಳು ಎಣ್ಣೆ ಹಾಕಿದ್ರೆ ನಾಲ್ಕು ದಿನ ಸುಮ್ನಿದ್ದು ಮತ್ತೆ ಶುರು ಹಚ್ಕೊಳ್ಳುತ್ತೆ.

ಪ್ರಶ್ನೆ: ಕೂತು ಇಪ್ಪತ್ತು ನಿಮಿಷಕ್ಕೆ ಚೇರ್ ತಾನಾಗೇ ಕೆಳಗಿಳಿಯುತ್ತೆ. ಸಿಲಿಂಡರ್ ಸಿಡಿಯುತ್ತೆ ಅಂತ ಬೇರೆ ಹೆದರಿಸ್ತಾರೆ.

ಉತ್ತರ: ಇಳಿಯೋದು ಸಿಡಿಯೋದರ ಮುನ್ಸೂಚನೆ ಏನಲ್ಲ. ಸಿಲಿಂಡರ್ ಅಂದ್ರೆ ಸೀಟನ್ನ ಏರಿಸಿ ಇಳಿಸೋ ಕೆಳಗಿನ ಕಂಬ, ಅದರೊಳಗೆ ಒತ್ತಿ ತುಂಬಿದ ನೈಟ್ರೋಜನ್ ಇರುತ್ತೆ, ಸೀಲ್ ಸವೆದ್ರೆ ಅನಿಲ ಮೆಲ್ಲಗೆ ಸೋರುತ್ತೆ, ಚೇರ್ ಇಳಿಯುತ್ತೆ. ಮತ್ತೆ ತುಂಬಿಸೋ ಗೋಜಿಗೆ ಹೋಗ್ಬೇಡಿ, ಬಿಚ್ಚೋದು, ಕೊರೆಯೋದು, ಬಿಸಿ ಮಾಡೋದಂತೂ ಬೇಡವೇ ಬೇಡ, ಅಪಾಯ ಇರೋದು ಅಲ್ಲೇ. ಸಿಲಿಂಡರ್ ಒಂದನ್ನೇ ಬದಲಾಯಿಸಬಹುದು, ತುದಿಗಳ ಅಳತೆ ಬಹುತೇಕ ಚೇರ್‌ಗಳಿಗೆ ಒಂದೇ, ಉದ್ದ ಮಾತ್ರ ನೋಡ್ಕೊಳ್ಳಿ. ಕ್ಲಾಸ್ 4 ಅಂತ ಇರೋದು ತಗೊಳ್ಳಿ, ಅದರ ಕೊಳವೆಯ ಉಕ್ಕು ಕೆಳಗಿನ ಕ್ಲಾಸ್‌ಗಳಿಗಿಂತ ದಪ್ಪ. ಹಳೇದು ಎಳೆದ್ರೆ ಬರಲ್ಲ, ಸುತ್ತಿಗೇಲಿ ಸೀಟಿನ ಕೆಳಗಿನ ಪ್ಲೇಟಿಗೆ ಕಂಬದ ಸುತ್ತ ಸುತ್ತ ತಟ್ಟಬೇಕು, ಕಂಬಕ್ಕೇ ಹೊಡೀಬೇಡಿ. ನಾನು ಅರ್ಧ ಗಂಟೆ ತಟ್ಟಿ, ಇದು ಜನ್ಮದಲ್ಲಿ ಬರಲ್ಲ ಅಂತ ಸುತ್ತಿಗೆ ಕೆಳಗಿಟ್ಟ ಮೇಲೆ ತಾನಾಗೇ ಟಣ್ ಅಂತ ಕಳಚಿ ಬಿತ್ತು.

ಪ್ರಶ್ನೆ: ಲೆದರ್ ಸುಲಿದು ಚೂರು ಚೂರಾಗಿ ಉದುರ್ತಿದೆ.

ಉತ್ತರ: ಅದು ಲೆದರ್ ಅಲ್ಲ, ಬಟ್ಟೆ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಬೆವರು, ಸೆಕೆ, ಗಾಳಿಯ ತೇವ ಸೇರಿ ಅದರ ಕಟ್ಟು ಬಿಡಿಸ್ತವೆ, ಒಮ್ಮೆ ಬಿರುಕು ಬಿಟ್ರೆ ವಾಪಸ್ ಅಂಟಿಸೋಕಾಗಲ್ಲ. ನನ್ನ ಕತ್ತಲ್ಲಿ, ಅಂಗಿ ಕಾಲರಲ್ಲಿ, ಕೀಬೋರ್ಡ್ ಸಂದಿಯಲ್ಲಿ ಎಲ್ಲೆಲ್ಲೂ ಕಪ್ಪು ಚೂರು, ಇರುವೆ ಅಂದ್ಕೊಂಡು ಎಷ್ಟು ಸಲ ಒರೆಸಿದೀನೋ. ಸ್ಯಾನಿಟೈಜರ್ ಹಾಕಿ ಒರೆಸೋದು ಇವತ್ತೇ ನಿಲ್ಲಿಸಿ, ಎಳೆದು ಹಾಕೋ ಬಟ್ಟೆ ಕವರ್ ತಗೊಳ್ಳಿ. ಹೊಸದಾಗಿ ಕೊಳ್ಳೋರು ಬಟ್ಟೆ ಇಲ್ಲಾ ಮೆಶ್‌ದು ನೋಡಿ, ಸೆಕೆಯೂ ಕಮ್ಮಿ.

ಪ್ರಶ್ನೆ: ಹಾಗಾದ್ರೆ ಅದೇ ದುಡ್ಡಿಗೆ ಸಾದಾ ಆಫೀಸ್ ಚೇರೇ ತಗೊಳ್ಳೋದಾ?

ಉತ್ತರ: ನನ್ನ ಕೇಳಿದ್ರೆ ಹೌದು. ಬಜೆಟ್ ಅಷ್ಟೇ ಇರುವಾಗ ದಿಂಬು, ಹೊಲಿಗೆ, ಬಣ್ಣದ ಪಟ್ಟೆ, ಪೂರ್ತಿ ಮಲಗೋ ಬೆನ್ನು ಎಲ್ಲಾ ಕೊಡಬೇಕಂದ್ರೆ ಎಲ್ಲೋ ಒಂದ್ಕಡೆ ಉಳಿಸಲೇಬೇಕಲ್ಲ, ಉಳಿಸೋದು ಕಣ್ಣಿಗೆ ಕಾಣದ ಕಡೆ. ಒರಗಿ ಸಿನಿಮಾ ನೋಡೋ ಆಸೆ ಇದೆ, ಆ ನೋಟವೇ ಇಷ್ಟ ಅಂದ್ರೆ ಗೇಮಿಂಗ್ ಚೇರೇ ತಗೊಳ್ಳಿ, ನಾನ್ಯಾಕೆ ಅಡ್ಡ ಬರಲಿ. ಐದು ಕಾಲಿನ ಬುಡ ಪ್ಲಾಸ್ಟಿಕ್ ಅಂತ ಬೇಜಾರು ಮಾಡ್ಕೋಬೇಡಿ, ಗಾಜಿನ ನಾರು ಬೆರೆಸಿದ ದಪ್ಪ ನೈಲಾನ್ ಬುಡ, ತಗಡಿನ ಥರ ಮಡಚಿದ ತೆಳು ಕಬ್ಬಿಣಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ: ನೀವೇನೋ ಮಗುಚಿ ನೋಡಿ ಅಂತೀರಿ. ಅಂಗಡೀಲಿ ಬಿಡ್ತಾರಾ?

ಉತ್ತರ: ನಾನು ಕೆಳಗೆ ಕೂತು ಫೋನ್ ಟಾರ್ಚ್ ಹಾಕಿ ಇಣುಕ್ತೀನಿ. ಏನ್ ಸಾರ್ ಬಿದ್ದೋಯ್ತು ಅಂತ ಕೇಳ್ತಾರೆ, ಪೆನ್ನು ಅಂತೀನಿ.