ಕೊಳಕು ನೀರಿನ ಫೋಟೊ ನೋಡಿ ಮಕ್ಕಳು ‘ಛೀ’ ಅಂದರೆ?

ಪ್ರಶ್ನೆ: ನಾನು ನಾಲ್ಕನೇ ತರಗತಿಯ ಶಿಕ್ಷಕಿ. ಶುದ್ಧ ನೀರಿನ ಪಾಠ ಮಾಡುವಾಗ, ಹೊಂಡದ ಕೆಸರು ನೀರು ಕುಡಿಯುತ್ತಿರುವ ಮಗುವಿನ ಫೋಟೊ ತೋರಿಸಿದೆ. ಮಕ್ಕಳು ‘ಛೀ’ ಅಂತ ನಕ್ಕರು. ‘ನೀವೆಷ್ಟು ಪುಣ್ಯವಂತರು ನೋಡಿ’ ಅಂದೆ. ಸುಮ್ಮನಾದರು, ಆದರೆ ಮನಸ್ಸಿಗೆ ತಟ್ಟಿದ ಹಾಗೆ ಕಾಣಲಿಲ್ಲ. ಅವರಲ್ಲಿ ಸಹಾನುಭೂತಿ ಬೆಳೆಸುವುದು ಹೇಗೆ?

ಉತ್ತರ: ಮಕ್ಕಳು ‘ಛೀ’ ಅಂದಿದ್ದು ನೀರಿಗೆ. ಆದರೆ ಅದೇ ಫೋಟೊದಲ್ಲಿ ಒಂದು ಮಗುವೂ ಇದೆಯಲ್ಲ, ಆ ಅಸಹ್ಯ ಅದಕ್ಕೂ ಮೆತ್ತಿಕೊಳ್ಳುತ್ತದೆ. ಅಂಥ ಫೋಟೊದಿಂದ ಪಾಠ ಶುರು ಮಾಡುವುದೇ ಬೇಡ. ‘ಪುಣ್ಯವಂತರು’ ಅನ್ನುವ ಮಾತೂ ಬೇಡ. ‘ಸದ್ಯ, ಆ ಪಾಡು ನನಗಿಲ್ಲ’ ಅಂತ ಮಗು ನೆಮ್ಮದಿಯಾಗಿ ಕೂರುತ್ತದೆ, ಅಷ್ಟೇ.

ನೀರಿನ ಭಾರದಿಂದ ಶುರು ಮಾಡಿ. 1 ಲೀಟರ್ ನೀರು 1 ಕೆ.ಜಿ. ತೂಗುತ್ತದೆ. ದೂರದಿಂದ ನೀರು ಹೊರುವವರು ಎಷ್ಟೋ ಕಡೆ 20 ಲೀಟರಿನ ಕ್ಯಾನು ಬಳಸುತ್ತಾರೆ. ನಿಮ್ಮ ಮಕ್ಕಳಿಗೆ ಅಷ್ಟು ಹೊರಿಸಬೇಡಿ. ಐದೈದು ಜನರ ಗುಂಪಿಗೆ 3 ಲೀಟರ್ ನೀರಿನ ಬಕೆಟ್ ಕೊಟ್ಟು ಮೈದಾನ ಸುತ್ತಿ ಬರಲು ಹೇಳಿ. ಒಂದಿಷ್ಟು ಚೆಲ್ಲುತ್ತದೆ, ಚೆಲ್ಲಲಿ.

ನಿಜವಾದ ಪಾಠ ಇರುವುದು ಆಮೇಲೆ. ‘ನೀವೈದು ಜನ ಒಂದೇ ಮನೆಯವರು. ಇವತ್ತಿಗೆ ಉಳಿದಿರುವುದು ಇಷ್ಟೇ ನೀರು. ಕುಡಿಯಬೇಕು, ಅಡುಗೆ ಆಗಬೇಕು, ಕೈ ತೊಳೆಯಬೇಕು, ಪಾತ್ರೆ ತೊಳೆಯಬೇಕು. ಪುಟ್ಟ ತಮ್ಮನಿಗೆ ಭೇದಿ ಬೇರೆ’ ಅನ್ನಿ. ಲೋಟದಲ್ಲಿ ಅಳೆದು ಹಂಚಲಿ. ಜಗಳ ಆದರೆ ನೀವು ಬಾಯಿ ಹಾಕಬೇಡಿ. ಕೈ ತೊಳೆಯುವ ನೀರಿಗೇ ಕತ್ತರಿ ಬಿತ್ತು ಅನ್ನಿ, ಆಗ ಕೇಳಿ: ‘ಹೀಗಾದರೆ ತಮ್ಮನ ಭೇದಿ ಉಳಿದವರಿಗೂ ಬರಲ್ವಾ?’ ಗೊತ್ತಿದ್ದೂ ಕೈ ತೊಳೆಯಲಾಗದ ಸಂಕಟ ಅರ್ಥವಾಗುವುದು ಆ ಹೊತ್ತಿನಲ್ಲೇ. ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ನೀರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಅಂಕಿಯನ್ನು ಹಂಚಿ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಅದು ಸುಮ್ನೆ ಒಂದು ಸಂಖ್ಯೆ.

‘ಕೊಳಕು ಅಂತ ಗೊತ್ತಿದ್ದೂ ಯಾಕೆ ಕುಡಿಯುತ್ತಾರೆ?’ ಅಂತ ಒಬ್ಬರಾದರೂ ಕೇಳಬಹುದು. ಎಷ್ಟೋ ಸಲ ಕೊಳಕು ಅಂತ ಗೊತ್ತೇ ಆಗುವುದಿಲ್ಲ. ಎರಡು ಲೋಟ ನೀರಿಡಿ, ಒಂದಕ್ಕೆ ಚಿಟಿಕೆ ಉಪ್ಪು ಕರಗಿಸಿ. ಯಾವುದರಲ್ಲಿ ಉಪ್ಪಿದೆ? ನೋಡಿ ಹೇಳಲು ಆಗಲ್ಲ. ರೋಗಾಣುಗಳಾಗಲಿ, ನೀರಿನಲ್ಲಿ ಕರಗಿರುವ ಆರ್ಸೆನಿಕ್, ಫ್ಲೋರೈಡ್‌ನಂಥ ಹಾನಿಕರ ವಸ್ತುಗಳಾಗಲಿ ಹೀಗೇ, ಕಣ್ಣಿಗೆ ಕಾಣುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಆರ್ಸೆನಿಕ್, ಫ್ಲೋರೈಡ್ ಹೋಗುವುದಿಲ್ಲ. ಕುದಿಸಲು ಉರುವಲೂ ಬೇಕು.

ಪಾಠದ ಕೊನೆಗೆ ಮಕ್ಕಳು ‘ದುಡ್ಡು ಕಳಿಸೋಣ’ ಅನ್ನಬಹುದು. ಒಳ್ಳೆಯ ಮನಸ್ಸು, ತಡೆಯಬೇಡಿ. ಜೊತೆಗೆ ಇದನ್ನೂ ಹೇಳಿ: ಶುದ್ಧ ಕುಡಿಯುವ ನೀರು ಎಲ್ಲರ ಹಕ್ಕು ಅಂತ ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ಒಪ್ಪಿದೆ. ಫೋಟೊದ ಆ ಮಗು ಯಾರ ಹತ್ತಿರವೂ ಬೇಡುತ್ತಿಲ್ಲ, ಅದಕ್ಕೆ ಸಿಗಬೇಕಾದದ್ದು ಸಿಕ್ಕಿಲ್ಲ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಅಯ್ಯೋ ಪಾಪ ಅನ್ನುವಾಗ ನಾವು ಒಂದು ಮೆಟ್ಟಿಲು ಮೇಲೆ ನಿಂತಿರುತ್ತೇವೆ, ಅಲ್ವಾ?

ಒಂದು ಎಚ್ಚರ. ಮನೆಯಲ್ಲಿ ನಲ್ಲಿ ಇಲ್ಲದ ಮಗು ನಿಮ್ಮ ತರಗತಿಯಲ್ಲೇ ಇರಬಹುದು. ಯಾರ ಮನೆಗೆ ನೀರು ಹೇಗೆ ಬರುತ್ತದೆ ಅಂತ ಎಲ್ಲರ ಮುಂದೆ ಕೇಳಬೇಡಿ. ಆ ಮಗು ತಾನಾಗಿ ಹೇಳಿಕೊಂಡರೆ, ಚೆಲ್ಲದೆ ಹೊರುವುದು ಹೇಗೆ ಅಂತ ಉಳಿದವರಿಗೆ ಕಲಿಸುವ ಕೆಲಸ ಅದಕ್ಕೇ ಕೊಡಿ.